ಮನೆಯಲ್ಲಿ ಆರೈಕೆ ಬೇಕಾದವರಿದ್ದರೆ: ಕೇಂದ್ರ ಸರ್ಕಾರದ ಕೆಲಸವೋ, ಬೆಂಗಳೂರಿನ ಖಾಸಗಿ ಕಂಪನಿಯೋ?

ಎರಡೂ ನೇಮಕಾತಿ ಪತ್ರಗಳು ಕೈಯಲ್ಲಿದ್ದರೆ ಸಂಬಳದ ಅಂಕಿಗಿಂತ ಮೊದಲು ರಜೆಯ ನಿಯಮ ಓದಿ.

ನಿಮಗೇ ಕಾಯಿಲೆಯಾದರೆ ಎರಡೂ ಕಡೆ ಹೇಗೋ ನಡೆಯುತ್ತದೆ. ಖಾಸಗಿ ಕಂಪನಿಯಲ್ಲಿ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ವರ್ಷಕ್ಕೆ 12 ದಿನ ಸಂಬಳಸಹಿತ ಅನಾರೋಗ್ಯ ರಜೆ. ಕೇಂದ್ರ ನೌಕರರಿಗೆ ವರ್ಷಕ್ಕೆ 20 ದಿನ ಅರ್ಧವೇತನ ರಜೆ. ವೈದ್ಯರ ಪ್ರಮಾಣಪತ್ರವಿದ್ದರೆ ಅದನ್ನೇ 10 ದಿನದ ಪೂರ್ಣವೇತನ ರಜೆಯಾಗಿ ಬದಲಿಸಿಕೊಳ್ಳಬಹುದು.

ಮಗು ಜ್ವರದಿಂದ ಮಲಗಿದಾಗ ನಿಜವಾದ ಅಂತರ ಕಾಣುತ್ತದೆ. ಕೇಂದ್ರದಲ್ಲಿ ಮಹಿಳೆಗೆ ಸೇವಾವಧಿಯಲ್ಲಿ ಒಟ್ಟು 730 ದಿನ ಶಿಶುಪಾಲನಾ ರಜೆಯಿದೆ: ಮೊದಲ 365 ದಿನ ಪೂರ್ಣ ವೇತನ, ಉಳಿದದ್ದಕ್ಕೆ ಶೇ 80. ಪುರುಷನಿಗೆ ಇದು ಸಿಗುವುದು ಅವನು ಒಂಟಿ ಪೋಷಕನಾಗಿದ್ದರೆ ಮಾತ್ರ. ಹೆಂಡತಿಯಿರುವ ತಂದೆಗೆ 15 ದಿನದ ಪಿತೃತ್ವ ರಜೆ, ಅಷ್ಟೇ. ಅಂದರೆ ಆರೈಕೆ ಹೆಂಗಸಿನ ಕೆಲಸವೆಂದು ನಿಯಮವೇ ಬರೆದಿಟ್ಟಂತಾಯಿತು. ಇದು ನನಗೆ ಒಪ್ಪಿಗೆಯಿಲ್ಲ. ಖಾಸಗಿಯಲ್ಲಿ ಮೊದಲೆರಡು ಮಕ್ಕಳಿಗೆ ತಾಯಿಗೆ 26 ವಾರ ಹೆರಿಗೆ ರಜೆ ಕಡ್ಡಾಯ. ತಂದೆಗೆ ಎಷ್ಟು ಎಂಬುದು ಕಂಪನಿಯ ಮರ್ಜಿ.

ವಯಸ್ಸಾದ ತಂದೆತಾಯಿಗೆಂದೇ ಪ್ರತ್ಯೇಕ ರಜೆ ಕೇಂದ್ರದಲ್ಲೂ ಇಲ್ಲ. ಆದರೆ ವರ್ಷದ 30 ದಿನದ ಗಳಿಕೆ ರಜೆಯನ್ನು ಅದಕ್ಕೆ ಬಳಸಬಹುದು, ಗಂಡಾಗಲಿ ಹೆಣ್ಣಾಗಲಿ.

ಚಿಕ್ಕ ಮಕ್ಕಳ ತಾಯಿಗೆ ನಾನು ಹಿಂಜರಿಯದೆ ಕೇಂದ್ರದ ಕೆಲಸವನ್ನೇ ಸೂಚಿಸುತ್ತೇನೆ. ತಂದೆಯಾದವರು ಸಹಿ ಹಾಕುವ ಮುನ್ನ ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಇಮೇಲ್ ಬರೆದು, ಕುಟುಂಬದ ಆರೈಕೆಗೆ ಪುರುಷರಿಗೂ ಸಂಬಳಸಹಿತ ರಜೆ ಇದೆಯೇ ಎಂದು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.