ಕಾಂಬಿ ಬಾಯ್ಲರ್ ಜೊತೆ ಏಳು ಚಳಿಗಾಲ, ಮತ್ತೆ ಆ ಬಿಳಿ ಪೈಪ್

ಕಾಂಬಿ ಬಾಯ್ಲರ್ ಅಂದ್ರೆ ಮನೆ ಬೆಚ್ಚಗಿಡೋದು, ನಲ್ಲಿಗೆ ಬಿಸಿನೀರು ಕೊಡೋದು ಎರಡನ್ನೂ ಮಾಡೋ ಗ್ಯಾಸ್ ಮಷೀನು. ಬಾಯ್ಲರ್ ಒಳ್ಳೇದೇ, ಮೊದ್ಲೇ ಹೇಳ್ಬಿಡ್ತೀನಿ. ನನ್ ಸಿಟ್ಟೆಲ್ಲ ಅದ್ರಿಂದ ಗೋಡೆ ದಾಟಿ ಹೊರಗೆ ಹೋಗೋ ಒಂದು ಬಿಳಿ ಪ್ಲಾಸ್ಟಿಕ್ ಪೈಪ್ ಮೇಲೆ.

ನಾವಿರೋದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. 2018ರಲ್ಲಿ ಮನೆ ತಗೊಂಡಾಗ ಹಳೇ ಬಾಯ್ಲರ್ ತೆಗ್ಸಿ ಹೊಸ ಕಾಂಬಿ ಹಾಕ್ಸಿದ್ವಿ, ಎಷ್ಟು ಕಿಲೋವ್ಯಾಟ್, ಎಷ್ಟು ವರ್ಷ ವಾರಂಟಿ ಅದೆಲ್ಲ ಬ್ರೋಷರ್‌ನಲ್ಲೇ ಇರುತ್ತೆ ಬಿಡಿ. ನಾಲ್ಕು ಚಳಿಗಾಲ ಏನೂ ತೊಂದ್ರೆ ಇಲ್ಲ. 2022 ಡಿಸೆಂಬರ್ ಎರಡನೇ ವಾರ, ರಾತ್ರಿ ಎಲ್ಲ ಸೊನ್ನೆಗಿಂತ ಕೆಳಗೆ, ನಮ್ಮೂರು ಸಾಗರದಿಂದ ಅಮ್ಮ ಬಂದಿದ್ರು. ರಾತ್ರಿ ಊಟ ಆದ್ಮೇಲೆ ಅಡುಗೆಮನೆಯಲ್ಲಿ ನಿಂತು "ಇದೇನೋ ಇದು, ಹೊಟ್ಟೆ ಕೆಟ್ಟೋರ ಥರ ಗುಡುಗುಡು ಅಂತಿದೆಯಲ್ಲೋ" ಅಂದ್ರು. ಏನಿಲ್ಲಮ್ಮ, ಮಷೀನು ಸದ್ದು ಮಾಡುತ್ತೆ ಅಂದೆ. ಬೆಳಗ್ಗೆ ಐದಕ್ಕೆ ಎದ್ರೆ ಮನೆ ಐಸು, ಬಾಯ್ಲರ್ ಮೇಲೆ ಎರರ್ ಕೋಡ್, ಅಮ್ಮ ಎರಡು ಸ್ವೆಟರ್ ಹಾಕ್ಕೊಂಡು ಕಂಬಳಿ ಹೊದ್ದು ಕೂತಿದ್ರು. ಆವತ್ತು ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಆಗಿದ್ದು ಇಷ್ಟೇ. ಈಗಿನ ಕಂಡೆನ್ಸಿಂಗ್ ಬಾಯ್ಲರ್‌ಗಳು ಹೊಗೆಯಲ್ಲಿರೋ ಆವಿಯ ಬಿಸಿನೂ ಎಳ್ಕೊಳ್ತವೆ, ಆಗ ಆವಿ ನೀರಾಗುತ್ತೆ, ಆ ನೀರು ಹೋಗೋಕೆ ಒಂದು ಪೈಪ್. ನಮ್ಮದು ಹೊರಗೋಡೆ ಮೇಲೆ ಉದ್ದಕ್ಕೆ ಓಡಿತ್ತು, ಮೇಲೆ ಏನೂ ಸುತ್ತಿರ್ಲಿಲ್ಲ, ಅದೂ ಸಣ್ಣ 21.5 ಮಿಲಿಮೀಟರ್ ಪೈಪು. ಮನೆ ಹೊರಗೆ ಹೋಗೋವಾಗ 32 ಮಿಲಿಮೀಟರ್ ಹಾಕಿ ಮೇಲೆ ಫೋಮ್ ಸುತ್ತಬೇಕು ಅಂತ ಇಲ್ಲಿನ ಸ್ಟ್ಯಾಂಡರ್ಡೇ ಹೇಳುತ್ತೆ, ಫಿಟ್ ಮಾಡಿದವ್ರು ಕೆಲವು ಪೌಂಡ್ ಉಳಿಸೋಕೆ ಅದನ್ನ ಬಿಟ್ಟಿದ್ರು. ಪೈಪ್ ಒಳಗೆ ನೀರು ಹೆಪ್ಪುಗಟ್ಟಿ, ಹಿಂದಕ್ಕೆ ತುಂಬ್ಕೊಂಡು, ಗುಡುಗುಡು ಅಂದು ಕೊನೆಗೆ ಬಾಯ್ಲರ್ ತಾನೇ ನಿಂತು ಲಾಕ್ ಆಯ್ತು. ಅಮ್ಮ ಕೇಳಿಸ್ಕೊಂಡಿದ್ದು ಅದೇ ಸದ್ದು. ಆ ವಾರ ಯಾವ ಎಂಜಿನಿಯರ್ರೂ ಫೋನ್ ಎತ್ತಲ್ಲ, ಊರೆಲ್ಲ ಇದೇ ಕಥೆ. ನಾನೇ ಬಿಸಿನೀರಿನ ರಬ್ಬರ್ ಚೀಲ ಪೈಪಿಗೆ ಒತ್ತಿ ಹಿಡ್ದು, ಆಮೇಲೆ ಬೆಚ್ಚಗಿನ ನೀರು ಚೊಂಬಲ್ಲಿ ಸುರಿದು (ಕುದಿಯೋ ನೀರು ಬೇಡ, ಪೈಪ್ ಒಡೆಯುತ್ತೆ) ರೀಸೆಟ್ ಒತ್ತಿದ್ರೆ ಮುಕ್ಕಾಲು ಗಂಟೆಗೆ ಜೀವ ಬಂತು.

ಅಲ್ಲಿಂದಾಚೆಗೆ ನಾನು ಇದ್ರ ಮಾತು ಕೇಳೋಕೆ ಕಲಿತೆ, ಮತ್ತೆ ನಿಜ ಹೇಳ್ಬೇಕಂದ್ರೆ ಇಷ್ಟ ಆಗೋಕೂ ಶುರುವಾಯ್ತು. ಬೆಳಗ್ಗೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳೀತಿರೋವಾಗ ಒಳಗಿನ ನೀರಿನ ಪ್ರೆಷರ್ ತೋರ್ಸೋ ಮುಳ್ಳು ನೋಡ್ತೀನಿ, ತಣ್ಣಗಿದ್ದಾಗ 1ರಿಂದ 1.5 ಬಾರ್ ಒಳಗಿರ್ಬೇಕು. ಆಮೇಲೆ ಟಿಕ್ ಅಂತ ಸದ್ದು, ಬುಸ್ ಅಂತ ಉರಿ ಹತ್ತೋದು, ಹಾಲ್‌ನಲ್ಲಿರೋ ರೇಡಿಯೇಟರ್ (ಒಳಗೆ ಬಿಸಿನೀರು ಹರಿದು ರೂಮ್ ಬೆಚ್ಚಗೆ ಮಾಡೋ ಗೋಡೆಯ ಹಲಗೆ) ಮೇಲೆ ಅಂಗೈ ಇಟ್ರೆ ನಿಧಾನಕ್ಕೆ ಬೆಚ್ಚಗಾಗೋದು. ಊರಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಹಾಕಿ ಹಂಡೆ ನೀರು ಕಾಯೋದನ್ನ ಕಾಯ್ತಾ ಕೂರ್ತಿದ್ವಲ್ಲ, ಅದೇ ಸುಖ. ರೇಡಿಯೇಟರ್ ಮೇಲ್ಗಡೆ ತಣ್ಣಗೆ ಕೆಳಗಡೆ ಬಿಸಿ ಇದ್ರೆ ಒಳಗೆ ಗಾಳಿ ಇದೆ ಅಂತ. ಹೀಟಿಂಗ್ ಆಫ್ ಮಾಡಿ, ಆರಿದ ಮೇಲೆ ಪುಟ್ಟ ಹಿತ್ತಾಳೆ ಕೀಲಿನ ಅದ್ರ ಮೇಲ್ಗಡೆಯ ಸ್ಕ್ರೂಗೆ ಹಾಕಿ ಕಾಲು ಸುತ್ತು ತಿರುಗಿಸಿ, ಸುಸ್ ಅಂತ ಗಾಳಿ ಹೋಗಿ ನೀರು ತೊಟ್ಟಿಕ್ಕಿದ ತಕ್ಷಣ ಬಿಗಿ ಮಾಡಿ, ಪ್ರೆಷರ್ ಮತ್ತೆ ನೋಡಿ. ಅಕ್ಟೋಬರ್‌ನಲ್ಲಿ ಒಂದು ಭಾನುವಾರ ಮಗಳೂ ನಾನೂ ಎಂಟೂ ರೇಡಿಯೇಟರಿಗೆ ಇದನ್ನ ಮಾಡ್ತೀವಿ, ಬಟ್ಟೆ ಹಿಡಿಯೋ ಕೆಲಸ ಅವಳದ್ದು. ಉಲ್ಟಾ ಇದ್ರೆ, ಅಂದ್ರೆ ಕೆಳಗಡೆ ತಣ್ಣಗಿದ್ರೆ, ತುಕ್ಕಿನ ಕೆಸರು ಕೂತಿದೆ, ಅದು ಕೀಲಿಯಿಂದ ಆಗೋ ಕೆಲಸ ಅಲ್ಲ.

ಐದನೇ ವರ್ಷ ಇನ್ನೊಂದು ಶುರುವಾಯ್ತು, ಎರಡು ವಾರಕ್ಕೊಂದ್ಸಲ ಪ್ರೆಷರ್ ಬೀಳೋದು, ನಾನು ನೀರು ತುಂಬ್ಸೋದು. ಹಂಗೆ ಪದೇ ಪದೇ ತುಂಬ್ಸ್ಬಾರ್ದಂತೆ, ಹೊಸ ನೀರಿನ ಜೊತೆ ಆಮ್ಲಜನಕ ಹೋಗಿ ಒಳಗೆಲ್ಲ ತುಕ್ಕು ಹಿಡಿಯುತ್ತೆ. ಸರಿಯಾಗಿ ನೋಡಿದ್ರೆ ಬಿಸಿಯಾದಾಗ ಮುಳ್ಳು 3ರ ಹತ್ರ ಹೋಗ್ತಿತ್ತು, ಹೊರಗೋಡೆಯ ತಾಮ್ರದ ಪೈಪಿಂದ ನೀರು ತೊಟ್ಟಿಕ್ತಿತ್ತು. ಬಿಸಿಯಾಗಿ ಹಿಗ್ಗೋ ನೀರಿಗೆ ಜಾಗ ಕೊಡೋ ಎಕ್ಸ್‌ಪಾನ್ಶನ್ ವೆಸಲ್ ಅನ್ನೋ ಡಬ್ಬಿಯಲ್ಲಿ ಗಾಳಿ ಕಮ್ಮಿಯಾಗಿತ್ತು, ಅದಕ್ಕೇ ಹೆಚ್ಚಾದ ನೀರು ಹೊರಗೆ ಹೋಗ್ತಿತ್ತು. ಗ್ಯಾಸ್ ಸೇಫ್ ಕಾರ್ಡ್ (ಇಲ್ಲಿ ಗ್ಯಾಸ್ ಕೆಲಸ ಮಾಡೋಕೆ ಬೇಕಾದ ನೋಂದಣಿ ಕಾರ್ಡ್) ಇರೋ ಎಂಜಿನಿಯರ್ ಬಂದು ಪಂಪ್ ಹೊಡ್ದು ಸರಿ ಮಾಡಿದ್ರು. ಕವರ್ ಬಿಚ್ಚೋ ಕೆಲಸ ದಯವಿಟ್ಟು ಯಾರೂ ನೀವೇ ಮಾಡ್ಬೇಡಿ. ತಲೆನೋವು, ತಲೆಸುತ್ತು ಮನೆಯವ್ರಿಗೆಲ್ಲ ಒಟ್ಟಿಗೆ ಬಂದ್ರೆ ಶೀತ ಅಂತ ಸುಮ್ನಿರ್ಬೇಡಿ, ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಇರ್ಬಹುದು, ಅದಕ್ಕೆ ವಾಸನೆ ಇಲ್ಲ. ಬಾಯ್ಲರ್ ಇರೋ ರೂಮಲ್ಲಿ ಅದನ್ನ ಪತ್ತೆ ಮಾಡೋ ಅಲಾರ್ಮ್ ಇಡ್ಲೇಬೇಕು.

ನಮ್ ಬಜೆಟ್‌ಗೆ ಈ ಬಾಯ್ಲರ್ ಸರಿಯಾಗಿದೆ, ಈಗ ಫ್ಲೋ ಟೆಂಪರೇಚರ್, ಅಂದ್ರೆ ರೇಡಿಯೇಟರ್‌ಗೆ ಹೋಗೋ ನೀರಿನ ಬಿಸಿ, 60 ಡಿಗ್ರಿಗೆ ಇಳಿಸಿದ್ದೀನಿ, ಮನೆ ಬಿಸಿಯಾಗೋಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು ಆದ್ರೆ ಗ್ಯಾಸ್ ಕಮ್ಮಿ ಉರಿಯುತ್ತೆ. ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿರೋದು ಫಿಟಿಂಗಿಗೆ, ಹೊಸದಾಗಿ ಹಾಕ್ಸೋರು ಕೊಟೇಶನ್ ತಗೊಳ್ಳೋವಾಗ್ಲೇ ಪೈಪ್ ಎಲ್ಲಿಂದ ಹೋಗುತ್ತೆ, ಎಷ್ಟು ದಪ್ಪ ಅಂತ ಬರೆಸ್ಕೊಳ್ಳಿ. ನಮ್ಮದು ಈಗ 32 ಮಿಲಿಮೀಟರ್, ಮೇಲೆ ದಪ್ಪ ಫೋಮ್. ಈ ಜನವರಿಯಲ್ಲಿ ಅಮ್ಮ ಮತ್ತೆ ಬರ್ತಿದ್ದಾರೆ.