ಬಿದರಿ ಡಬ್ಬಿಯ ಮೇಲೆ ಮುರಿದ ಒತ್ತಕ್ಷರ

ಬೀದರಿಗೆ ಹೋಗಿ ಬಿದರಿ ವಸ್ತು, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಕುಸುರಿ, ಮಾಡಿಸುವ ಯೋಚನೆ ಇದ್ದವರು, ಅದರಲ್ಲೂ ಕನ್ನಡದಲ್ಲಿ ಹೆಸರು ಬರೆಸಬೇಕೆಂದಿರುವವರು, ಮುಂಗಡ ಎಣಿಸಿ ಕೊಡುವ ಮೊದಲು ಇದನ್ನು ಓದಿ.

ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುವುದರಲ್ಲಿತ್ತು. ಕೋಟೆ, ಮಹಮೂದ್ ಗವಾನನ ಮದರಸಾ ನೋಡಿಕೊಂಡು ಊರ ನಡುವಿನ ಹಳೆಯ ಗೋಪುರ ಚೌಬಾರಾದ ಕಡೆ ಬಂದಾಗ ಒಂದು ಪುಟ್ಟ ಕಾರ್ಖಾನೆಯ ಮುಂದೆ ನಿಂತೆ. ಒಳಗಿದ್ದ ಹಿರಿಯರು ಕೆಲಸ ನಿಲ್ಲಿಸದೆಯೇ ಎಲ್ಲವನ್ನೂ ವಿವರಿಸಿದರು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಅದರ ಮೇಲೆ ಚೂಪಾದ ಮೊಳೆಯಿಂದ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ (ಅಮೋನಿಯಂ ಕ್ಲೋರೈಡ್) ಮಿಶ್ರಣದಿಂದ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹೆಸರು ಬರೆದ ಡಬ್ಬಿಗೆ ಒಂದೂವರೆ ತಿಂಗಳು ಬೇಕು ಎಂದರು.

ನನಗಿದ್ದದ್ದು ಇಪ್ಪತ್ತೈದು ದಿನ. ಸ್ವಲ್ಪ ಮುಂದೆ ಇದ್ದ ದೊಡ್ಡ ಅಂಗಡಿಯವನು "ಇಪ್ಪತ್ತೇ ದಿನ, ನಮ್ಮ ಕಾರಿಗರರು ಹಿಂದೆಯೇ ಇದ್ದಾರೆ" ಎಂದ. ಹಿಂದೆ ಯಾರಿದ್ದಾರೆ ಎಂದು ನಾನು ಎದ್ದು ನೋಡಲಿಲ್ಲ. ನಾಲ್ಕು ಅಂಗುಲದ ದುಂಡು ಡಬ್ಬಿ, ಮುಚ್ಚಳದ ಮೇಲೆ ಬಳ್ಳಿ, ನಡುವೆ ಇಬ್ಬರ ಹೆಸರು: ಸರಸ್ವತಿ, ವಿಶ್ವನಾಥ. 6,500 ರೂಪಾಯಿಯನ್ನು ಪೂರ್ತಿ ಕೊಟ್ಟೆ. ರಸೀದಿಯಲ್ಲಿ ಬರೆದದ್ದು "ಬಾಕ್ಸ್ 1" ಎಂದಷ್ಟೇ. ಬೆಳ್ಳಿಯ ಮಾತೂ ಇಲ್ಲ, ಹೆಸರಿನ ಮಾತೂ ಇಲ್ಲ. ಹೆಸರುಗಳನ್ನು ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿ ನಿಶ್ಚಿಂತೆಯಿಂದ ಊರಿಗೆ ಬಂದೆ.

ಪಾರ್ಸೆಲ್ ಬಂದದ್ದು ಸಮಾರಂಭದ ಹಿಂದಿನ ದಿನ ಸಂಜೆ. ಬಿಚ್ಚಿ ನೋಡಿದರೆ, ಬಳ್ಳಿ ಚೆನ್ನಾಗಿಯೇ ಇತ್ತು. ನಡುವೆ ಹೊಳೆಯುತ್ತಿದ್ದದ್ದು "ಸರಸ್‌ವತಿ, ವಿಶ್‌ವನಾಥ". ಎರಡು ಹೆಸರಿನಲ್ಲೂ ವ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಂದು ಕುಳಿತಿತ್ತು!

ಫೋನ್ ಮಾಡಿದೆ. "ನೀವು ಕಳಿಸಿದ್ದನ್ನೇ ಮಾಡಿದ್ದೇವೆ" ಎಂದು ಅಂಗಡಿಯವನು ಪುರಾವೆಯಾಗಿ ಒಂದು ಚೀಟಿಯ ಫೋಟೋ ಕಳಿಸಿದ. ಆಗ ಗುಟ್ಟು ಬಯಲಾಯಿತು. ನನ್ನ ಸಂದೇಶವನ್ನು ಅವರ ಹುಡುಗ ಯಾವುದೋ ಡಿಸೈನ್ ತಂತ್ರಾಂಶಕ್ಕೆ ಹಾಕಿ ಪ್ರಿಂಟ್ ತೆಗೆದಿದ್ದ. ಅಲ್ಲಿ ಒತ್ತಕ್ಷರ ಮುರಿದಿತ್ತು. ಮದುವೆ ಪತ್ರಿಕೆಗಳಲ್ಲಿ, ಬ್ಯಾನರುಗಳಲ್ಲಿ ನಾವು ದಿನಾ ಕಾಣುವ ಅದೇ ರೋಗ. ಕೊರೆದ ಕುಶಲಕರ್ಮಿಗೆ ಉರ್ದು ಮಾತ್ರ ಓದಲು ಬರುತ್ತದಂತೆ. ಆತ ಚೀಟಿಯಲ್ಲಿದ್ದ ಗೆರೆಗಳನ್ನು ಕೂದಲೆಳೆಯಷ್ಟೂ ತಪ್ಪದೆ ತಂತಿಯಲ್ಲಿ ಕೂರಿಸಿದ್ದಾನೆ. ಆತನ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ಅಂಗಡಿಯವನಿಗೆ ಕನ್ನಡ ಓದಲು ಬರುತ್ತದೆ, ಅವನು ಮುಚ್ಚಳವನ್ನು ನೋಡದೆಯೇ ಪ್ಯಾಕ್ ಮಾಡಿದ ಎಂಬುದಕ್ಕೆ ಸಿಟ್ಟು.

ತಂತಿ ಕೂತ ಮೇಲೆ ತಿದ್ದಲಾಗದು, ಹೊಸ ಮುಚ್ಚಳವನ್ನೇ ಎರಕ ಹೊಯ್ಯಬೇಕು, ಅದಕ್ಕೆ ಮತ್ತೆ ಎರಡು ಸಾವಿರ ಎಂದ. ಆದ್ದರಿಂದ ಮಾಡಿಸುವವರು ಕೇಳಬೇಕಾದ ಫೋಟೋ ಸಿದ್ಧವಾದ ವಸ್ತುವಿನದಲ್ಲ. ಮೈಲುತುತ್ತ ಸವರಿ ಅಕ್ಷರ ಗೀರಿದ ಹಂತದ್ದು. ಆಗ ತಪ್ಪಿದ್ದರೆ ಉಜ್ಜಿ ಮತ್ತೆ ಗೀರಬಹುದು, ಖರ್ಚಿಲ್ಲ. ಹೆಸರನ್ನು ಟೈಪ್ ಮಾಡಿ ಕಳಿಸಲೇಬೇಡಿ. ಬಿಳಿ ಹಾಳೆಯಲ್ಲಿ ದಪ್ಪಗೆ ಕೈಯಿಂದ ಬರೆದು, ಆ ಹಾಳೆಯನ್ನೇ ಕೊರೆಯುವವರ ಕೈಗೆ ಕೊಡಿ. ಕೊರೆಯುವವರನ್ನು ತೋರಿಸದ ಅಂಗಡಿಗೆ ಅರ್ಧಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ, ಬರೆಸುವ ಅಕ್ಷರ ರಸೀದಿಯಲ್ಲೂ ಇರಲಿ.

ಇನ್ನೊಂದು ಮಾತು. ಅನುಮಾನ ಬಂದು ನಮ್ಮೂರಿನ ಅಕ್ಕಸಾಲಿಗರಿಗೆ ತೋರಿಸಿದೆ. ಬಳ್ಳಿಯ ತಂತಿ ಬೆಳ್ಳಿ, ಅಕ್ಷರಗಳದ್ದು ಬೇರೇನೋ ಬಿಳಿ ಲೋಹ ಎಂದರು. ಅಂಗಡಿಯವನು ಆಮೇಲೆ ಫೋನ್ ಎತ್ತುತ್ತಿಲ್ಲ.

ಸಮಾರಂಭದ ದಿನ ಬೇರೆ ಉಡುಗೊರೆ ಇರಲಿಲ್ಲವಾದ್ದರಿಂದ ಅದನ್ನೇ ಕೊಟ್ಟೆ. ನಿವೃತ್ತ ಕನ್ನಡ ಮೇಷ್ಟ್ರಾದ ಅಪ್ಪ ಕನ್ನಡಕ ಏರಿಸಿ ಓದಿ, ಜೇಬಿನಿಂದ ಕೆಂಪು ಪೆನ್ನು ತೆಗೆದು ಎರಡೂ ಕಡೆ ಸುತ್ತು ಹಾಕಿದರು. ಕಪ್ಪಿನ ಮೇಲೆ ಆ ಸುತ್ತು ಕಾಣಲಿಲ್ಲ.