ನೂರು ಗಂಟೆ ಯಾರ ದನಿ ಕೇಳಬಹುದು? ಐದು ಜಪಾನಿ ಆರ್‌ಪಿಜಿಗಳ ಹೋಲಿಕೆ

ಜಪಾನಿ ಆರ್‌ಪಿಜಿ (ಒಂದು ಪಾತ್ರವಾಗಿ ಕಥೆಯೊಳಗೆ ಇಳಿದು ಆಡುವ ವಿಡಿಯೋ ಗೇಮ್) ಬಗ್ಗೆ ಮಾತು ಬಂದರೆ ಸಾಕು, ಅದೇ ಹಳೇ ಜಗಳ ಶುರು. ಜಪಾನಿ ದನಿಯಲ್ಲಿ ಆಡಬೇಕಾ, ಇಂಗ್ಲಿಷ್ ದನಿಯಲ್ಲಾ? ಮೂಲ ಬಿಟ್ಟು ಡಬ್ಬಿಂಗ್ ಕೇಳೋದು ಮಹಾ ಪಾಪ ಅನ್ನುವವರು ಒಂದು ಕಡೆ. ಅರ್ಥವಾಗದ ಭಾಷೆ ಕೇಳಿ ಏನು ಸಿಗುತ್ತೆ ಅನ್ನುವವರು ಇನ್ನೊಂದು ಕಡೆ. ನಾನು ಎರಡೂ ಕಡೆಯವರ ಹತ್ತಿರ ಬೈಸಿಕೊಂಡಿದ್ದೇನೆ, ಯಾಕೆಂದರೆ ನನ್ನ ಆಯ್ಕೆ ಗೇಮ್‌ನಿಂದ ಗೇಮ್‌ಗೆ ಬದಲಾಗುತ್ತದೆ.

ಇಲ್ಲಿರುವ ಐದನ್ನೂ ನಾನು ಆಡಿ ಮುಗಿಸಿದ್ದೇನೆ. ಎರಡೂ ದನಿ ಇರುವ ಕಡೆ ಎರಡನ್ನೂ ಕೇಳಿದ್ದೇನೆ. ನಾನು ನೋಡುವುದು ಎರಡು ವಿಷಯ. ಒಂದು, ಕಥೆ ಯಾವ ಊರಿನದು. ಎರಡು, ದೊಡ್ಡ ಕಟ್‌ಸೀನ್ (ಆಡದೆ ಸಿನಿಮಾದಂತೆ ಕೂತು ನೋಡುವ ದೃಶ್ಯ) ಬಿಟ್ಟು ಉಳಿದ ಹೊತ್ತಿನಲ್ಲಿ ಈ ಜನ ಹೇಗೆ ಮಾತಾಡುತ್ತಾರೆ. ಕಟ್‌ಸೀನ್‌ನಲ್ಲಿ ಎಲ್ಲರೂ ಚೆನ್ನಾಗಿಯೇ ಅಳುತ್ತಾರೆ, ಅದಕ್ಕೇ ತಾನೇ ದುಡ್ಡು ಕೊಡೋದು. ಆದರೆ ನೂರು ಗಂಟೆಯ ಗೇಮ್‌ನಲ್ಲಿ ನಮ್ಮ ಕಿವಿಗೆ ಜಾಸ್ತಿ ಬೀಳುವುದು ಹೊಡೆದಾಟದ ನಡುವಿನ ಕೂಗು, ದಾರಿಯಲ್ಲಿ ನಡೆಯುವಾಗಿನ ಹರಟೆ, ಗೆದ್ದ ಮೇಲಿನ ಒಂದು ಸಾಲು. ಅವು ಹಿಡಿಸದಿದ್ದರೆ ಕಥೆ ಎಷ್ಟು ಚೆನ್ನಾಗಿದ್ದರೂ ಮೂವತ್ತನೇ ಗಂಟೆಗೆ ನಾನು ದನಿ ಆಫ್ ಮಾಡಿರುತ್ತೇನೆ.

ಹಳೆಯದರಿಂದ ಶುರು ಮಾಡೋಣ. ಫೈನಲ್ ಫ್ಯಾಂಟಸಿ 10 ಬಂದದ್ದು 2001ರಲ್ಲಿ, ಪ್ಲೇಸ್ಟೇಷನ್ 2ಕ್ಕೆ. ಆ ಸರಣಿಯಲ್ಲಿ ಪಾತ್ರಗಳು ಬಾಯಿಬಿಟ್ಟು ಮಾತಾಡಿದ್ದು ಅದರಲ್ಲೇ ಮೊದಲು. ಎಲ್ಲರೂ ಆಡಿಕೊಳ್ಳುವ ಆ ನಗುವಿನ ಸೀನ್ ಗೊತ್ತಲ್ವಾ, ಲೂಕಾ ಊರಲ್ಲಿ ನಾಯಕ ಟೀಡಸ್ ಮತ್ತು ನಾಯಕಿ ಯೂನಾ ಹ್ಹಾ ಹ್ಹಾ ಹ್ಹಾ ಅಂತ ಕೃತಕವಾಗಿ ನಗುವುದು? ಅದರ ತುಣುಕನ್ನು ಹಂಚಿಕೊಂಡು ಕೆಟ್ಟ ನಟನೆ ಅನ್ನುವವರು ಅದರ ಹಿಂದುಮುಂದಿನ ಎರಡು ನಿಮಿಷ ನೋಡಿರುವುದಿಲ್ಲ. ಅವರು ನಗುತ್ತಿರುವುದೇ ಬಲವಂತಕ್ಕೆ. ದುಃಖ ಇದ್ದಾಗಲೂ ನಗಬೇಕು ಅಂತ ಯೂನಾ ಅವನಿಗೆ ಕಲಿಸುತ್ತಿದ್ದಾಳೆ, ಆ ಸುಳ್ಳು ನಗು ಮುಗಿದ ಮೇಲೆ ಇಬ್ಬರಿಗೂ ನಿಜವಾದ ನಗು ಬರುತ್ತದೆ. ಇಂಗ್ಲಿಷ್‌ನಲ್ಲಿ ಟೀಡಸ್ ಆಗಿ ಜೇಮ್ಸ್ ಆರ್ನಾಲ್ಡ್ ಟೇಲರ್ ಮಾಡಿದ್ದು ಸರಿಯಾಗೇ ಇದೆ ಅಂತ ನನ್ನ ವಾದ.

ಆದರೆ ಯೂನಾಳ ಇಂಗ್ಲಿಷ್ ಮಾತು ತಡೆತಡೆದು ಬರುತ್ತದೆ, ಅದನ್ನು ಸಮರ್ಥಿಸಲು ನನ್ನಿಂದ ಆಗಲ್ಲ. ತಪ್ಪು ಕಲಾವಿದೆಯದ್ದಲ್ಲ. ಜಪಾನಿ ಮಾತಿಗೆ ತಕ್ಕಂತೆ ತುಟಿ ಆಡುತ್ತಿತ್ತು, ಸಾಲಿನ ಉದ್ದ ಅಲ್ಲೇ ನಿಗದಿಯಾಗಿತ್ತು, ಇಂಗ್ಲಿಷನ್ನು ಅಷ್ಟರೊಳಗೆ ತುರುಕಬೇಕಿತ್ತು. ಇದಕ್ಕಿಂತ ತಲೆನೋವು ಕಟ್‌ಸೀನ್ ದಾಟಿಸಲು ಬಟನ್ ಇಲ್ಲದ್ದು. ಗಗಜೆಟ್ ಬೆಟ್ಟದ ಮೇಲೆ ಖಳ ಸೀಮೋರ್ ಹತ್ತಿರ ಸೋತರೆ ಅವನ ಭಾಷಣವನ್ನು ಮತ್ತೆ ಮೊದಲಿಂದ ಕೇಳಬೇಕು. ಎಂಥ ಒಳ್ಳೆಯ ಸಂಭಾಷಣೆಯಾದರೂ ಐದನೇ ಸಲಕ್ಕೆ ಬೈಗುಳವೇ ಬರೋದು.

ಇದಕ್ಕೆ ಪೂರ್ತಿ ಎದುರು ಡ್ರ್ಯಾಗನ್ ಕ್ವೆಸ್ಟ್ 11. 2017ರಲ್ಲಿ ಜಪಾನಿನಲ್ಲಿ ಬಂದಾಗ ಇದರಲ್ಲಿ ದನಿಯೇ ಇರಲಿಲ್ಲ. ಬರೀ ಅಕ್ಷರ. ಮರುವರ್ಷ ಹೊರದೇಶಗಳಿಗೆ ಬಂದಾಗ ಇಂಗ್ಲಿಷ್ ದನಿ ಸೇರಿಸಿದರು, ಜಪಾನಿ ದನಿ ಸೇರಿದ್ದು 2019ರ 'ಎಸ್' ಆವೃತ್ತಿಯಲ್ಲಿ. ಅಂದರೆ "ಮೂಲ ದನಿ" ಅನ್ನುವವರ ವಾದ ಇಲ್ಲಿ ಉಲ್ಟಾ ಹೊಡೆಯುತ್ತದೆ, ಮೊದಲು ದನಿ ಬಂದದ್ದೇ ಇಂಗ್ಲಿಷ್‌ನಲ್ಲಿ! ನಾನು ಇದನ್ನು ಇಂಗ್ಲಿಷ್‌ನಲ್ಲೇ ಆಡಿ ಅನ್ನುತ್ತೇನೆ. ಕಥೆ ನಡೆಯುವುದು ನಕಾಶೆಯಲ್ಲಿ ಇಲ್ಲದ ಲೋಕದಲ್ಲಿ, ಕೋಟೆ, ರಾಜ, ಕಳ್ಳ, ಮಾಟಗಾತಿ ಎಲ್ಲ ಇರುವ ಕಡೆ. ಅಲ್ಲಿ ಬ್ರಿಟಿಷ್ ಇಂಗ್ಲಿಷ್ ಸಲೀಸಾಗಿ ಕೂರುತ್ತದೆ. ಅದೂ ಅಲ್ಲದೆ ಇಂಗ್ಲಿಷ್ ಬರೆದವರು ಊರಿಗೊಂದು ಮಾತಿನ ಧಾಟಿ ಕೊಟ್ಟಿದ್ದಾರೆ. ಗೊಂಡೋಲಿಯಾದವರದು ಇಟಲಿಯ ಎಳೆತ. ಬಿಸಿನೀರಿನ ಊರು ಹಾಟ್ಟೋಗೆ ಹೋದರೆ ಜನ ಹೈಕುವಿನಲ್ಲಿ ಮಾತಾಡುತ್ತಾರೆ. ಅಂಗಡಿಯವನು ದರ ಹೇಳುವುದೂ ಹೈಕುವಿನಲ್ಲೇ ಅಂದರೆ ಬರೆದವರ ತಾಳ್ಮೆ ಎಷ್ಟಿರಬೇಕು ನೋಡಿ. ಬಳ್ಳಾರಿ ಕನ್ನಡ, ಮಂಗಳೂರು ಕನ್ನಡ, ಕುಂದಾಪುರ ಕನ್ನಡ ಕೇಳಿ ಬೆಳೆದವರಿಗೆ ಈ ಮೋಜು ಬೇಗ ಹತ್ತುತ್ತದೆ.

ಇದರಲ್ಲಿ ನನಗೆ ಅತಿ ಇಷ್ಟದ ಪಾತ್ರ ಸಿಲ್ವಾಂಡೋ. ಸರ್ಕಸ್ ಕಲಾವಿದ, ವೈಯಾರ ಜಾಸ್ತಿ, ಮೊದಲ ನೋಟಕ್ಕೆ ಬರೀ ಹಾಸ್ಯಕ್ಕೆ ಇಟ್ಟ ಪಾತ್ರ ಅನಿಸುತ್ತದೆ. ಕಥೆ ಅರ್ಧ ದಾಟಿ ಎಲ್ಲ ಕಡೆ ಕತ್ತಲು ಕವಿದಾಗ ಗೇಮ್ ಅವನನ್ನು ಮುಂದೆ ತಂದು ನಿಲ್ಲಿಸುತ್ತದೆ. ಆಗ ಅದೇ ವೈಯಾರದ ದನಿಗೆ ಎಷ್ಟು ಧೈರ್ಯ ಇದೆ ಅಂತ ಗೊತ್ತಾಗುತ್ತದೆ.

ನನಗೆ ತಕರಾರಿರುವುದು ಹೀರೋ ಬಗ್ಗೆ. ಅವನು ಮಾತಾಡಲ್ಲ. ಆಡುವವರೇ ಹೀರೋ ಆಗಬೇಕು ಅನ್ನುವುದು ಈ ಸರಣಿ ಹುಟ್ಟುಹಾಕಿದ ಯೂಜಿ ಹೊರಿಇ ಅವರ ಹಳೆಯ ಪದ್ಧತಿ, ಸರಣಿ ಶುರುವಾದಾಗಿನಿಂದ ಹೀಗೇ. ಎಲ್ಲರೂ ಮೂಕರಾಗಿದ್ದ ಕಾಲಕ್ಕೆ ಅದು ಸರಿ. ಸುತ್ತ ಇರುವವರೆಲ್ಲ ಬಿಕ್ಕಿ ಬಿಕ್ಕಿ ಅಳುವಾಗ ಇವನೊಬ್ಬ ಕಣ್ಣು ಮಿಟುಕಿಸುತ್ತಾ ನಿಂತರೆ ಮನಸ್ಸಿಗೆ ಒಗ್ಗಲ್ಲ. ಒಂದು ಸಾವಿನ ಸುದ್ದಿ ಬರುವ ಸೀನ್ ಇದೆ, ಯಾರದ್ದು ಅಂತ ಹೇಳಲ್ಲ. ಅಲ್ಲಿ ಅವನ ಬಾಯಿಂದ ಒಂದೇ ಒಂದು ಶಬ್ದ ಬಂದಿದ್ದರೆ ಸಾಕಿತ್ತು.

ಪರ್ಸೋನಾ 5 ರಾಯಲ್‌ನಲ್ಲೂ ಹೀರೋ ಹೆಚ್ಚುಕಡಿಮೆ ಮೂಕನೇ, ಆದರೆ ಇಲ್ಲಿ ಆ ಮೌನ ಕಥೆಗೆ ಒಗ್ಗುತ್ತದೆ. ಮಾಡದ ತಪ್ಪಿಗೆ ಶಿಕ್ಷೆಯಾಗಿ ಟೋಕಿಯೋಗೆ ಬಂದ ಹುಡುಗ, ಶಾಲೆಯಲ್ಲಿ ಎಲ್ಲರೂ ಅವನ ಬೆನ್ನ ಹಿಂದೆ ಪಿಸುಗುಡುತ್ತಾರೆ, ಅವನು ತಲೆ ತಗ್ಗಿಸಿ ನಡೆಯುತ್ತಾನೆ. ಮುಖವಾಡ ಹಾಕಿ ಕಳ್ಳತನಕ್ಕೆ ಇಳಿದಾಗ ಮಾತ್ರ ದನಿ ಏರುತ್ತದೆ. ಮೊದಲ ಖಳ ಕಮೋಶಿದಾ, ವಾಲಿಬಾಲ್ ಕೋಚ್, ಹಿಂದೆ ಒಲಿಂಪಿಕ್ ಪದಕ ಗೆದ್ದವನು. ಮಕ್ಕಳಿಗೆ ಅವನು ಕೊಡುವ ಹಿಂಸೆ ಶಾಲೆಗೂ ಗೊತ್ತು, ಪೋಷಕರಿಗೂ ಗೊತ್ತು, ಯಾರೂ ತುಟಿ ಬಿಚ್ಚಲ್ಲ. ಜಪಾನಿ ಆರ್‌ಪಿಜಿಗಳಲ್ಲಿ ಇಷ್ಟು ಗಟ್ಟಿಯಾದ ಮೊದಲ ಅಧ್ಯಾಯ ನಾನು ಇನ್ನೊಂದು ಕಂಡಿಲ್ಲ. ಗೇಮ್‌ಗೂ ಅಲ್ಲಿಂದ ಮುಂದೆ ಬಹಳ ಹೊತ್ತು ಆ ಎತ್ತರ ಸಿಗಲ್ಲ. ಒಕುಮುರಾ ಭಾಗವಂತೂ ಸಪ್ಪೆ, ಹಾರು ತಂಡಕ್ಕೆ ಸೇರುವಷ್ಟರಲ್ಲಿ ಅವಳನ್ನು ಪರಿಚಯ ಮಾಡಿಕೊಳ್ಳಲು ಪುರುಸೊತ್ತೇ ಉಳಿದಿರುವುದಿಲ್ಲ.

ದನಿಯ ವಿಷಯದಲ್ಲಿ ಇಲ್ಲಿ ನಾನು ಸ್ವಲ್ಪ ಜಪಾನಿ ಕಡೆ ವಾಲುತ್ತೇನೆ. ಇಂಗ್ಲಿಷ್ ಕಲಾವಿದರು ಚೆನ್ನಾಗಿದ್ದಾರೆ. ಆದರೆ ಶಿಬುಯಾ ಸ್ಟೇಷನ್‌ನ ಜನಜಂಗುಳಿಯಲ್ಲಿ ನಿಂತು ಕಮೋಶಿದಾ, ತಕಮಾಕಿ ಅಂತ ನಡುವಿನ ಅಕ್ಷರ ಎಳೆದು ಹೇಳುವುದು ಕಿವಿಗೆ ಚುಚ್ಚುತ್ತದೆ. ಕನ್ನಡದಲ್ಲಿ ಬರೆದು ಸುಮ್ನೆ ಓದಿದರೂ ಜಪಾನಿಗೆ ಇನ್ನಷ್ಟು ಹತ್ತಿರ ಬರುತ್ತದೆ. ಬೆಕ್ಕು ಮೊರ್ಗಾನಾಗೆ ಜಪಾನಿಯಲ್ಲಿ ದನಿ ಕೊಟ್ಟವರು ಇಕುಯೆ ಓತಾನಿ, ಹೌದು, ಪಿಕಾಚುವಿನ ದನಿಯೂ ಅವರದ್ದೇ. ರಾತ್ರಿ ಆಯ್ತು ಮಲಗು ಮಲಗು ಅಂತ ಪೀಡಿಸುವ ಆ ಬೆಕ್ಕನ್ನು ಅವರ ದನಿಯಲ್ಲಾದರೆ ಕ್ಷಮಿಸಬಹುದು. ಸ್ನೇಹಿತರ ಜೊತೆಗಿನ ಎಷ್ಟೋ ಭೇಟಿಗಳಿಗೆ ಪೂರ್ತಿ ದನಿಯೇ ಇಲ್ಲ. ಒಂದು "ಹ್ಞೂಂ", ಒಂದು ನಿಟ್ಟುಸಿರು, ಉಳಿದದ್ದು ಓದಿಕೊಳ್ಳಬೇಕು. ಇಷ್ಟು ದೊಡ್ಡ ಹೆಸರಿನ ಗೇಮ್‌ಗೆ ಇದು ಜುಗ್ಗತನ.

ಒಂದು ಪಾತ್ರಕ್ಕೆ ಮಾತ್ರ ನಾನು ಇಂಗ್ಲಿಷ್ ಬಿಡಲ್ಲ: ಪರ್ಸೋನಾ 5ರ ವಿಸ್ತರಿಸಿದ ಆವೃತ್ತಿಯಾದ ರಾಯಲ್‌ನಲ್ಲಿ ಹೊಸದಾಗಿ ಬಂದ ಮಾರುಕಿ ಡಾಕ್ಟರ್. ಅವರ ದನಿ ಬಿಲ್ಲಿ ಕಮೆಟ್ಜ್. 35 ವರ್ಷಕ್ಕೇ, 2022ರಲ್ಲಿ ತೀರಿಕೊಂಡರು. ಶಾಲೆಯ ಮಕ್ಕಳ ಮನಸ್ಸಿನ ನೋವು ಕೇಳಲು ಬರುವ, ತಡವರಿಸುತ್ತಾ ತಿಂಡಿ ಕೊಟ್ಟು ಮಾತಿಗೆ ಎಳೆಯುವ ಒಳ್ಳೆಯ ಮನುಷ್ಯ ಮಾರುಕಿ. ಕೊನೆಯ ಭಾಗದಲ್ಲಿ ನಾವು ಅವರ ವಿರುದ್ಧ ನಿಲ್ಲಬೇಕಾಗುತ್ತದೆ, ಆಗಲೂ ಆ ದನಿಯಲ್ಲಿ ದ್ವೇಷ ಇಲ್ಲ, ನಮ್ಮ ಒಳ್ಳೆಯದಕ್ಕೇ ಹೇಳುವವರ ಹಾಗೆ ಮೆತ್ತಗೆ ವಾದ ಮಾಡುತ್ತಾರೆ. ನಾನು ಅರ್ಧ ಒಪ್ಪಿಯೂ ಬಿಟ್ಟಿದ್ದೆ. ಈ ಭಾಗ ತಾನಾಗಿ ತೆರೆಯಲ್ಲ, ಗಮನಿಸಿ. ಕಥೆಯ ಕ್ಯಾಲೆಂಡರ್‌ನಲ್ಲಿ ನವೆಂಬರ್ 18ರೊಳಗೆ ಮಾರುಕಿ ಜೊತೆಗಿನ ಸ್ನೇಹವನ್ನು 9ನೇ ಹಂತಕ್ಕೆ ತಂದಿರಬೇಕು. ಇಲ್ಲದಿದ್ದರೆ ಇಡೀ ಗೇಮ್‌ನ ಅತ್ಯುತ್ತಮ ಕಥೆ ನೋಡದೆಯೇ ಮುಗಿದುಹೋಗುತ್ತದೆ.

ಯಾಕುಜಾ: ಲೈಕ್ ಎ ಡ್ರ್ಯಾಗನ್ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ, ಜಪಾನಿ. ಈ ಸರಣಿಯ ಮೊದಲ ಗೇಮ್ 2006ರಲ್ಲಿ ಇಂಗ್ಲಿಷ್‌ಗೆ ಬಂದಾಗ ಮಾರ್ಕ್ ಹ್ಯಾಮಿಲ್‌ರಂಥ ದೊಡ್ಡ ಹೆಸರುಗಳನ್ನು ಕರೆತಂದರು, ಆದರೂ ಜನಕ್ಕೆ ಹಿಡಿಸಲಿಲ್ಲ. ಆಮೇಲೆ ಎಷ್ಟೋ ವರ್ಷ ಜಪಾನಿ ದನಿ, ಇಂಗ್ಲಿಷ್ ಸಬ್‌ಟೈಟಲ್ ಅಷ್ಟೇ. 2020ರ ಈ ಗೇಮ್‌ನಲ್ಲಿ ಇಂಗ್ಲಿಷ್ ದನಿ ನಿಜಕ್ಕೂ ಒಳ್ಳೆಯದಿದೆ. ಹೀರೋ ಇಚಿಬಾನ್ ಕಸುಗಾ ಆಗಿ ಕೈಜಿ ಟ್ಯಾಂಗ್ ಜೀವ ತುಂಬಿದ್ದಾರೆ, ಅವನ ಗ್ಯಾಂಗಿನ ಯಜಮಾನ ಅರಕಾವಾ ಆಗಿ ಜಾರ್ಜ್ ಟಕೇ ಇದ್ದಾರೆ.

ಹಾಗಿದ್ದರೂ ಜಪಾನಿ ಯಾಕೆ? ಮುಖದ ಕಾರಣಕ್ಕೆ. ಅರಕಾವಾ ಪಾತ್ರದ ಮುಖ ಜಪಾನಿನ ಹಿರಿಯ ನಟ ಕಿಇಚಿ ನಕಾಯಿ ಅವರದ್ದೇ, ದನಿಯೂ ಅವರದ್ದೇ. ನಂಬಾ ಪಾತ್ರಕ್ಕೆ ಕೆನ್ ಯಸುದಾ, ಸವಾಶಿರೋ ಪಾತ್ರಕ್ಕೆ ಶಿನಿಚಿ ತ್ಸುತ್ಸುಮಿ, ಅವರ ಮುಖ, ಅವರ ದನಿ. ಆ ಗಂಟಲು ಆ ಕುತ್ತಿಗೆಯದ್ದು ಅಂತ ಕೇಳಿದರೆ ಗೊತ್ತಾಗುತ್ತದೆ. ಊರೂ ಯೊಕೊಹಾಮಾದ ಇಸೆಜಾಕಿ ಬೀದಿಗಳನ್ನು ನೋಡಿ ಕಟ್ಟಿದ್ದು. ಅಲ್ಲಿ ಎಲ್ಲರೂ ಅಮೆರಿಕನ್ ಇಂಗ್ಲಿಷ್ ಮಾತಾಡಿದರೆ ಬೀದಿಯೇ ಸುಳ್ಳು ಅನಿಸುತ್ತದೆ.

ಇನ್ನೊಂದು ಲಾಭ ನಮಗೆ, ಕನ್ನಡದವರಿಗೆ ಇದೆ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಬೇಡ, ಇಲ್ಲ ಅನ್ನುವುದೂ ಅಲ್ಲೇ. ಹಾಗಾಗಿ ಕಲಾವಿದರು ಭಾರವನ್ನೆಲ್ಲ ಕೊನೆಗೆ ಇಟ್ಟುಕೊಂಡು ವಾಕ್ಯ ಕಟ್ಟುತ್ತಾರೆ, ಆ ಏರಿಳಿತ ನಮ್ಮ ಕಿವಿಗೆ ಹೊಸದೇನಲ್ಲ. ಕಿರಿಕಿರಿ ಮಾಡುವುದು ಇಂಗ್ಲಿಷ್ ಸಬ್‌ಟೈಟಲ್. ಅದು ವಿಷಯವನ್ನು ಮೊದಲೇ ಹೇಳಿಬಿಡುತ್ತದೆ, ಕಲಾವಿದರು ಅಲ್ಲಿಗೆ ತಲುಪುವಷ್ಟರಲ್ಲಿ ನಾವು ಓದಿ ಮುಗಿಸಿ ಕಾಯುತ್ತಾ ಕೂತಿರುತ್ತೇವೆ.

ಪಾತ್ರಗಳ ಲೆಕ್ಕದಲ್ಲಿ ನನಗೆ ಈ ಐದರಲ್ಲಿ ಇದೇ ಮೇಲು. ಹದಿಹರೆಯದವರು ಲೋಕ ಉಳಿಸುವ ಕಥೆ ಸಾಕಾಗಿದ್ದವರಿಗೆ ಇಲ್ಲಿರುವುದು ನಲವತ್ತು ದಾಟಿದ ಇಚಿಬಾನ್. ಬೇರೆಯವರು ಮಾಡಿದ ಕೊಲೆಯನ್ನು ತನ್ನ ಮೇಲೆ ಹಾಕಿಕೊಂಡು 18 ವರ್ಷ ಜೈಲಲ್ಲಿದ್ದು ಹೊರಗೆ ಬಂದರೆ ಕರೆಯಲು ಒಬ್ಬರೂ ಇಲ್ಲ. ಜೊತೆಗೆ ಸಿಗುವವರು ಕೆಲಸ ಕಳೆದುಕೊಂಡ ಪೊಲೀಸ್, ಬೀದಿಯಲ್ಲಿ ಮಲಗುವ ಮಾಜಿ ನರ್ಸ್, ಬಾರ್ ನಡೆಸುವ ಹೆಂಗಸು. ಇಚಿಬಾನ್‌ಗೆ ಡ್ರ್ಯಾಗನ್ ಕ್ವೆಸ್ಟ್ ಹುಚ್ಚು, ಗೇಮ್‌ನಲ್ಲೇ ಹೆಸರು ಹೇಳುತ್ತಾನೆ, ತಾನೂ ಅಂಥ ಹೀರೋ ಅಂತ ಊಹಿಸಿಕೊಂಡೇ ಬೀದಿ ಜಗಳ ಆಡುತ್ತಾನೆ. ಅವನು ಮಾತ್ರ ಮೂಕನಲ್ಲ, ಬಾಯಿ ಮುಚ್ಚುವುದೇ ಇಲ್ಲ! ಅಳು ಬಂದರೆ ಸಿಂಬಳ ಸುರಿಸಿಕೊಂಡು ಅಳುತ್ತಾನೆ. ಕೊನೆಯ ಭಾಗದಲ್ಲಿ ಒಂದು ಕಡೆ ಅವನಿಗೆ ಜಪಾನಿ ದನಿ ಕೊಟ್ಟ ಕಜುಹಿರೋ ನಕಾಯಾ ಅವರ ದನಿ ಒಡೆದುಹೋಗುತ್ತದೆ, ನಟನೆ ಅನ್ನುವುದು ಮರೆತೇಹೋಗುವಷ್ಟು. ಆ ಸೀನ್ ಮುಗಿದ ಮೇಲೆ ನಾನು ಅವತ್ತಿಗೆ ಗೇಮ್ ನಿಲ್ಲಿಸಿದೆ.

ಉಳಿದದ್ದು ಜೀನೋಬ್ಲೇಡ್ ಕ್ರಾನಿಕಲ್ಸ್ 3, 2022ರದ್ದು, ನಿಂಟೆಂಡೊ ಸ್ವಿಚ್‌ಗೆ ಮಾತ್ರ. ಇಲ್ಲಿಯ ಸೈನಿಕರಿಗೆ ಆಯುಸ್ಸೇ ಹತ್ತು ವರ್ಷ, ಅದೂ ಯುದ್ಧದಲ್ಲಿ ಸಾಯದಿದ್ದರೆ. ನಾಯಕಿ ಮಿಯೋಗೆ ಉಳಿದಿರುವುದು ಕೆಲವು ತಿಂಗಳು ಅಂತ ಶುರುವಿನಲ್ಲೇ ಹೇಳಿಬಿಡುತ್ತಾರೆ. ನಾಯಕ ನೋವಾ ಮತ್ತು ಮಿಯೋ ಸತ್ತವರಿಗಾಗಿ ಕೊಳಲು ನುಡಿಸುವವರು. ಆ ಸಂಗೀತಕ್ಕೆ ಸಂಗೀತ ನಿರ್ದೇಶಕ ಯಸುನೋರಿ ಮಿತ್ಸುದಾ ತಂಡ ಬೇರೆ ಕೊಳಲನ್ನೇ ಮಾಡಿಸಿತು. ಇಲ್ಲಿ ಮತ್ತೆ ನನ್ನ ಓಟು ಇಂಗ್ಲಿಷ್‌ಗೆ. ಈ ಸರಣಿಯ ಮೂರೂ ಮುಖ್ಯ ಗೇಮ್‌ಗಳ ಡಬ್ಬಿಂಗ್ ಬ್ರಿಟನ್ನಿನದ್ದು. ಎರಡನೆಯದರಲ್ಲಂತೂ ಒಂದು ನಾಡಿನವರಿಗೆ ವೆಲ್ಷ್ ಧಾಟಿ, ಇನ್ನೊಂದಕ್ಕೆ ಸ್ಕಾಟಿಷ್ ಧಾಟಿ ಕೊಟ್ಟಿದ್ದರು. ಮೂರನೆಯದರಲ್ಲಿ ಹ್ಯಾರಿ ಮೆಕೆಂಟೈರ್ ಮತ್ತು ಎಮೀ-ಫಿಯಾನ್ ಎಡ್ವರ್ಡ್ಸ್ ನೋವಾ, ಮಿಯೋ ಆಗಿ ಎಷ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಾರೆ ಅಂದರೆ ಐದನೇ ಅಧ್ಯಾಯದ ಕೊನೆಗೆ ಆ ದನಿ ಏರಿದಾಗ ಮೈ ಜುಮ್ಮೆನ್ನುತ್ತದೆ. ಬಾಯಿ ಬಿಟ್ಟರೆ ಬೈಗುಳವೇ ಬರುವ ಯೂನಿಯೂ ಇದ್ದಾಳೆ, ಗಂಭೀರ ಕಥೆಯಲ್ಲಿ ಅವಳೇ ಗಾಳಿ ಬೆಳಕು.

ಆದರೆ ಹೊಡೆದಾಟ ಶುರುವಾಯಿತೋ, ಶಿವಮೊಗ್ಗದ ಸಂತೆ. ಆರು ಜನ, ಜೊತೆಗೆ ಏಳನೆಯವರು, ಎದುರಿಗೆ ಶತ್ರುಗಳು, ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಯಾರು ಏನು ಹೇಳಿದರು ಅಂತ ಬ್ರಹ್ಮನಿಗೂ ತಿಳಿಯಲ್ಲ. ಸೆಟ್ಟಿಂಗ್ಸ್‌ನಲ್ಲಿ ದನಿ ತಗ್ಗಿಸಿಕೊಂಡೇ ಶುರು ಮಾಡಿ.

ಯಾವುದರಿಂದ ಶುರು ಮಾಡಲಿ ಅಂತ ಕೇಳಿದರೆ, ವಯಸ್ಸು ನೋಡಿ ಹೇಳುತ್ತೇನೆ. ಇಪ್ಪತ್ತರೊಳಗಿನವರು ಪರ್ಸೋನಾ ಹಿಡಿಯಿರಿ, ಮೂವತ್ತು ದಾಟಿದವರು ಇಚಿಬಾನ್ ಹತ್ತಿರ ಹೋಗಿ. ಮನೆಯಲ್ಲಿ ಮಕ್ಕಳು ಪಕ್ಕದಲ್ಲಿ ಕೂತು ನೋಡುತ್ತಾರೆ ಅಂದರೆ ಡ್ರ್ಯಾಗನ್ ಕ್ವೆಸ್ಟ್ ಬಿಟ್ಟು ಬೇರೆ ಬೇಡ. ಯಾಕುಜಾವನ್ನಂತೂ ಅವರು ಮಲಗಿದ ಮೇಲೆ ಹಾಕಿ, ಜಪಾನಿ ದನಿಯಾದರೂ ಸಬ್‌ಟೈಟಲ್‌ನಲ್ಲಿ ಬೈಗುಳ ಸ್ಪಷ್ಟವಾಗಿ ಬರುತ್ತದೆ.